ಸಂಶೋಧನಾ ವಿಧಾನದ ಮೇಷ್ಟ್ರು

ಬಸ್ ನಿಲ್ದಾಣದಲ್ಲಿ ಬಸ್ಸನ್ನು ಬಿಟ್ಟು, ಬಸ್ಸಿಗೆ ನುಗ್ಗುವವರನ್ನು ನೋಡುತ್ತ ನಿಂತವರು ಸಂಶೋಧನಾ ವಿಧಾನದ ಮೇಷ್ಟ್ರು. ಈ ವಿಷಯದ ಪಠ್ಯ ತೆರೆದರೆ ಎಂ.ಎ. ತರಗತಿಯ ಅರ್ಧಕ್ಕರ್ಧ ತೂಕಡಿಸುತ್ತದೆ. ಹಾಗಾಗಿ ಅವರು ಅಡುಗೆಮನೆಯಿಂದ ಶುರುಮಾಡುತ್ತಾರೆ. ಒಂದು ಅಗುಳು ಹಿಚುಕಿದರೆ ಪಾತ್ರೆಯ ಅನ್ನವೆಲ್ಲ ಬೆಂದದ್ದು ತಿಳಿಯುತ್ತದೆ, ಅಗುಳೆಲ್ಲ ಒಂದೇ ಜಾತಿಯಾದ್ದರಿಂದ. ಹುಳಿಗೆ ಈ ನ್ಯಾಯ ನಡೆಯದು. ಮೇಲಿನ ತಿಳಿ ಬಡಿಸಿಕೊಂಡವನು ಬೇಳೆಯೇ ಹಾಕಿಲ್ಲವೆಂದು ಆಣೆ ಮಾಡುತ್ತಾನೆ. ಮೊದಲು ಸೌಟು ತಳ ಮುಟ್ಟಬೇಕು. ಚುನಾವಣಾ ಸಮೀಕ್ಷೆ ಕೈಕೊಟ್ಟಾಗಲೆಲ್ಲ ಮೇಷ್ಟ್ರು ಕೇಳುವುದು ಸೌಟು ಎಲ್ಲಿತ್ತು ಎಂದೇ.

ಪ್ರಶ್ನಾವಳಿಯ ಪಾಠಕ್ಕೆ ‘ಊಟ ಆಯ್ತಾ?’ ಸಾಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಹೊಸ್ತಿಲಲ್ಲಿ ನಿಂತವನ ಉತ್ತರ ‘ಈಗಷ್ಟೇ ಆಯ್ತು’. ಕೇಳಿದವರಿಗೆ ಸಿಕ್ಕಿದ್ದು ಮರ್ಯಾದೆ, ಮಾಹಿತಿಯಲ್ಲ.

ಆಮೇಲೆ ಕ್ಷೇತ್ರಕಾರ್ಯ. ಬಸ್ಸಿನ ಕಿಟಕಿಯಿಂದ ಎಸೆದ ಕರ್ಚೀಫು ಸೀಟು ಕಾಯುತ್ತದೆಯೇ? ಪ್ರಾಕ್ಕಲ್ಪನೆ ಸಿದ್ಧ, ಜಗಳ ಎಷ್ಟಾಯಿತೆಂದು ಎಣಿಸಬೇಕು. ಜಗಳವೆಂದರೆ ಯಾವುದು? ದನಿ ಏರಿದ್ದೇ? ನಮ್ಮ ಬಸ್ಸುಗಳಲ್ಲಿ ಅದು ಮಾಮೂಲಿ ಮಾತುಕತೆ. ವಾದಿಸಿ ವಾದಿಸಿ ತರಗತಿ ಒಂದು ಗೆರೆ ಎಳೆಯುತ್ತದೆ: ‘ನಾನ್ಯಾರು ಗೊತ್ತಾ?’ ಎಂಬ ಮಾತು ಬಂದರೆ ಮಾತ್ರ ಜಗಳ. ಕಾರ್ಯಾತ್ಮಕ ವ್ಯಾಖ್ಯೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯವೂ ಕಲಿಸಲಾರದು. ಕರ್ಚೀಫಿಗಿಂತ ಅದರ ಒಡೆಯನ ಮೀಸೆಯೇ ಸೀಟು ಕಾಯುತ್ತದೆಂಬುದು ಹುಡುಗರ ಶೋಧ.

ಮೇಷ್ಟ್ರ ಆರಾಧ್ಯದೈವ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅವರು ಮಾಡಿಕೊಂಡ ಟಿಪ್ಪಣಿಗಳು ವಿಂಗಡಣೆಯಾದ ಮೇಲೆ, 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಬಲಿಯಾದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಈ ಕಥೆ ಹೇಳಿದ ವರ್ಷವೆಲ್ಲ ಒಬ್ಬನಾದರೂ ‘ನನ್ನ ನೋಟ್ಸೂ ಸುಟ್ಟುಹೋಯ್ತು ಸರ್’ ಅನ್ನುತ್ತಾನೆ. ‘ಹಾಗಾದ್ರೆ ಪುಸ್ತಕ ತಗೊಂಡ್ ಬಾ’ ಎಂಬ ಉತ್ತರವೂ ಸಿದ್ಧವಿರುತ್ತದೆ.

ಕೊನೆಯ ಪಾಠ ಹಾಥಾರ್ನ್ ಪರಿಣಾಮ. ಶಿಕಾಗೊ ಬಳಿಯ ಕಾರ್ಖಾನೆಯೊಂದರಲ್ಲಿ 1924ರಿಂದ ನಡೆದ ಪ್ರಯೋಗಗಳು ಕೊಟ್ಟ ಹೆಸರದು: ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ಮನುಷ್ಯನ ನಡತೆ ಬದಲಾಗುತ್ತದೆ. ಆ ಅಂಕಿಅಂಶಗಳ ಮೇಲೆ ಆಮೇಲೆ ತಕರಾರು ಎದ್ದದ್ದನ್ನು ಮೇಷ್ಟ್ರು ಬೆಲ್ ಹೊಡೆಯುವ ಹೊತ್ತಿಗೆ, ಚೀಲ ಎತ್ತಿಕೊಳ್ಳುತ್ತ ಹೇಳುತ್ತಾರೆ. ಅಷ್ಟರಲ್ಲಿ ಹಿಂದಿನ ಬೆಂಚು ತನ್ನ ಅಧ್ಯಯನ ಮುಗಿಸಿರುತ್ತದೆ: ಒಂದು ಪಿರಿಯಡ್ಡಿನಲ್ಲಿ ಮೇಷ್ಟ್ರು ‘ಏನಪ್ಪಾ ಅಂದ್ರೆ’ ಅಂದದ್ದು ಎಷ್ಟು ಸಲ ಎಂಬ ಲೆಕ್ಕ ನೋಟ್‌ಬುಕ್ಕಿನಲ್ಲಿರುತ್ತದೆ. ಅದನ್ನು ತೋರಿಸಿದ ಮರುದಿನವೇ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಆಂತರಿಕ ಅಂಕ ಪೂರ್ತಿ ಸಿಗುವುದು ಆ ಬೆಂಚಿಗೆ ಮಾತ್ರ.