ಕನ್ವರ್ಟ್ ಭಾವ

ಕಂಪ್ಯೂಟರ್ ಬಲ್ಲ ಅಳಿಯ ಈಗ ಮನೆಗೊಬ್ಬರಾದರೂ ಇರುತ್ತಾರೆ. ಅವರಲ್ಲೇ ಒಂದು ವಿಶೇಷ ಪಂಗಡವಿದೆ. ಪ್ರಿಂಟರ್ ನೋಡಿಕೊಡಿ ಎಂದರೆ ಇವರಿಗೆ ಅವಮಾನ, ವಾಟ್ಸ್ಆ್ಯಪ್ ಹೋಗ್ತಿಲ್ಲ ಎಂದರೆ ಆಕಳಿಕೆ. "ಪೆನ್‌ಡ್ರೈವಿಗೆ ಕಾಪಿ ಆಗ್ತಿಲ್ಲ" ಎಂಬ ಮಾತು ಕಿವಿಗೆ ಬಿತ್ತೋ, ಎಲೆಯ ಮುಂದೆ ಕೂತವರು ಎಡಗೈಯಲ್ಲೇ ಕನ್ನಡಕ ಏರಿಸುತ್ತಾರೆ. ಫೈಲ್ ಸಿಸ್ಟಂ ಬದಲಾಯಿಸುವುದೇ ಇವರ ಪರಮಾನಂದ. ಭಾವಮೈದುನರ ನಡುವೆ ಇವರು 'ಕನ್ವರ್ಟ್ ಭಾವ'. ಎದುರಿಗೆ ಬರೀ ಭಾವ.

ಕಾರಣ ಸಾಮಾನ್ಯವಾಗಿ ಮದುವೆ ವಿಡಿಯೊ. ಸ್ಟುಡಿಯೊದವರು ಫೋಟೊ ತುಂಬಿ ಕೊಟ್ಟ 32 ಜಿಬಿ ಪೆನ್‌ಡ್ರೈವ್ ಇದೆ, ಮುಕ್ಕಾಲು ಪಾಲು ಖಾಲಿ. ಲ್ಯಾಪ್‌ಟಾಪಿನಲ್ಲಿರುವ ವಿಡಿಯೊ 6 ಜಿಬಿ. ಟೀವಿಯಲ್ಲಿ ನೋಡೋಣವೆಂದು ಇದನ್ನು ಅದಕ್ಕೆ ಹಾಕಹೊರಟರೆ, ಫೈಲ್ ತೀರಾ ದೊಡ್ಡದಾಯಿತು ಎಂದು ವಿಂಡೋಸ್ ಕೈಚೆಲ್ಲುತ್ತದೆ.

"ಇಷ್ಟು ಜಾಗ ಇಟ್ಕೊಂಡು ಹಿಡಿಸಲ್ಲ ಅಂದ್ರೆ ಏನರ್ಥ?" ಮಾವ ರೇಗುತ್ತಾರೆ.

"ಇದು ಫ್ಯಾಟ್ 32, ಮಾವ. 1996ರ ವಿಂಡೋಸ್ 95 ಕಾಲದ್ದು. ಫೈಲಿನ ಅಳತೆ ಬರ್ಕೊಳ್ಳೋಕೆ ಅದರ ಹತ್ರ ಇರೋದೇ 32 ಬಿಟ್. 4,29,49,67,295 ಬೈಟ್ ತನಕ ಸರಿ. ಮೇಲೆ ಒಂದೇ ಒಂದು ಬೈಟ್ ಬಂದ್ರೂ ಒಳಗೆ ಬಿಡಲ್ಲ."

ಆ ಸಂಖ್ಯೆಯನ್ನು ಭಾವ ಬಿಡಿಸಿ ಬಿಡಿಸಿ ಪೂರ್ತಿ ಹೇಳುತ್ತಾರೆ. ಕೋಟಿಯ ಮಾತು ಬಂದ ಮೇಲೆ ಮಾವ ತೆಪ್ಪಗಾಗುತ್ತಾರೆ.

ಅಡುಗೆಮನೆಯಿಂದ ಹೆಂಡತಿಯ ಸಲಹೆ ಬರುತ್ತದೆ: "ಧಾರೆ ಒಂದು, ಆರತಕ್ಷತೆ ಒಂದು ಅಂತ ಎರಡು ತುಂಡು ಮಾಡಿದ್ರೆ ಸಾಲ್ದೇನ್ರೀ?" ಧಾರಾಳವಾಗಿ ಸಾಲುತ್ತದೆ. ಈ ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಆದರೆ ತುಂಡು ಮಾಡಲು ಅಳಿಯನೇ ಏಕೆ ಬೇಕು? ಭಾವ ಆಗಲೇ ತೋಳು ಮಡಚಿಯಾಗಿದೆ. "ಎನ್‌ಟಿಎಫ್‌ಎಸ್‌ಗೆ ಕನ್ವರ್ಟ್ ಮಾಡ್ಬಿಡೋಣ. ಒಂದು ಫೋಟೊನೂ ಹೋಗಲ್ಲ. ಬ್ಯಾಕಪ್ ಇದೆ ತಾನೆ?" ಎನ್ನುತ್ತಾರೆ. ಉತ್ತರಕ್ಕೆ ಕಾಯುವ ಅಭ್ಯಾಸ ಇವರಿಗಿಲ್ಲ.

ಅತ್ತೆಗೆ ಗಾಬರಿ. ಅವರಿಗೆ ತಿಳಿಯುವಂತೆ ಹೇಳುವುದು ಅಳಿಯನ ಕರ್ತವ್ಯ. "ಯಾವ ಫೈಲು ಡ್ರೈವಿನಲ್ಲಿ ಎಲ್ಲೆಲ್ಲಿ ಕೂತಿದೆ ಅಂತ ಒಂದು ಲೆಕ್ಕ ಇರುತ್ತೆ ಅತ್ತೆ, ಮೂಲೆ ಅಂಗಡಿ ಉದ್ದರಿ ಪುಸ್ತಕ ಇದ್ದ ಹಾಗೆ. ಫ್ಯಾಟಲ್ಲಿ ಬರೀತಾ ಇರೋವಾಗ ಕರೆಂಟ್ ಹೋದ್ರೆ ಲೆಕ್ಕ ಎಡವಟ್ಟಾಗಬಹುದು. ಎನ್‌ಟಿಎಫ್‌ಎಸ್ ಹಾಗಲ್ಲ, ಏನು ಬದಲಾಯಿಸ್ತೀನಿ ಅಂತ ಮೊದಲೇ ಗುರುತು ಹಾಕ್ಕೊಂಡು ಆಮೇಲೆ ಕೈ ಹಾಕುತ್ತೆ. ಈಗ ಸಾಮಾನು ಅಲ್ಲೇ ಇರುತ್ತೆ, ಪುಸ್ತಕ ಮಾತ್ರ ಹೊಸದು."

"ಮೂಲೆ ಅಂಗಡಿ ಬಾಕಿ ಯುಗಾದಿಗೇ ತೀರಿಸಿದೀವಲ್ಲ ಅಳಿಯಂದ್ರೇ!"

ಕಪ್ಪು ಕಿಟಕಿ ತೆರೆಯುತ್ತದೆ. ಭಾವ ಒತ್ತುವ ಒಂದೊಂದು ಕೀಲಿಯನ್ನೂ ಬಾಯಲ್ಲಿ ಹೇಳುತ್ತಾರೆ: ಕನ್ವರ್ಟ್, ಇ, ಕೋಲನ್, ಸ್ಲ್ಯಾಷ್, ಎಫ್‌ಎಸ್, ಕೋಲನ್, ಎನ್‌ಟಿಎಫ್‌ಎಸ್. ಎಂಟರ್ ಕೀಲಿಯನ್ನು ಮಾತ್ರ ಕೈ ಎತ್ತಿ ಕುಟ್ಟುತ್ತಾರೆ. ಡ್ರೈವಿನ ಈಗಿನ ಹೆಸರು ಹೇಳಿ ಎಂದು ಅದು ಕೇಳುತ್ತದೆ. ಕಣ್ತಪ್ಪಿ ಬೇರೆ ಡ್ರೈವಿಗೆ ಕೈ ಹಾಕದಿರಲಿ ಎಂದು ಇಟ್ಟ ಪರೀಕ್ಷೆ ಅದು. ಭಾವ 'ವೆಡ್ಡಿಂಗ್' ಎಂದು ಒತ್ತುತ್ತಾರೆ. ತಪ್ಪು. ಮತ್ತೆ ಮೊದಲಿಂದ ಕೋಲನ್, ಸ್ಲ್ಯಾಷ್. ಮತ್ತೆ ತಪ್ಪು. ಪೆನ್‌ಡ್ರೈವಿಗೆ ವೈರಸ್ ಹೊಡೆದಿದೆ ಎಂದು ಘೋಷಿಸುವಷ್ಟರಲ್ಲಿ, ಸ್ಟುಡಿಯೊದವರು ಹೆಸರಿನಲ್ಲಿ ಒಂದು ಡಿ ನುಂಗಿದ್ದಾರೆಂದು ಆರನೇ ಕ್ಲಾಸಿನ ಹುಡುಗಿ ಕಂಡುಹಿಡಿಯುತ್ತಾಳೆ. "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎನ್ನುತ್ತಾರೆ ಭಾವ.

ಅಲ್ಲಿಂದ ಮುಂದೆ ಮನೆಯಲ್ಲಿ ಕರ್ಫ್ಯೂ. ಮಿಕ್ಸಿ ಹಾಕುವಂತಿಲ್ಲ, ಮೇಜಿನ ಹತ್ತಿರ ಸುಳಿಯುವಂತಿಲ್ಲ. ಪೆನ್‌ಡ್ರೈವಿನ ದೀಪ ಮಿಣುಕುತ್ತಿರುವಷ್ಟು ಹೊತ್ತೂ ಪುರಾಣ ಸಾಗುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಆಫೀಸಿನ ಒಂದೊಂದು ಯಂತ್ರವನ್ನೂ ತಾವೇ ಎನ್‌ಟಿಎಫ್‌ಎಸ್‌ಗೆ ತಂದದ್ದು. ವಿಂಡೋಸಿನ ಫಾರ್ಮ್ಯಾಟ್ ಪೆಟ್ಟಿಗೆ ವರ್ಷಾನುಗಟ್ಟಲೆ 32 ಜಿಬಿಗಿಂತ ದೊಡ್ಡ ಫ್ಯಾಟ್ 32 ಮಾಡಿಕೊಡದೆ ಸತಾಯಿಸಿದ್ದು. ಆ ಪೆಟ್ಟಿಗೆ ಬರೆದ ಡೇವ್ ಪ್ಲಮರ್, ಅದು ತಾತ್ಕಾಲಿಕ ಅಂದುಕೊಂಡಿದ್ದೆ ಎಂದು ತಾವೇ ಹೇಳಿಕೊಂಡದ್ದು. ಇಲ್ಲಿ ಎಲ್ಲರ ಕಣ್ಣೂ ಕಿಟಕಿಯತ್ತ ಹೊರಳುತ್ತವೆ. ಅಲ್ಲಿ ವೈಫೈ ಡಬ್ಬಿ ಇನ್ನೂ ಭಾವ 'ಸದ್ಯಕ್ಕೆ' ಕಟ್ಟಿಹೋದ ಸುತಲಿಯಲ್ಲೇ ನೇತಾಡುತ್ತಿದೆ.

ಇವರಿಗೆ ಒಂದು ಮಾಯದ ನೋವೂ ಇದೆ. 2017ರ ಮಾರ್ಚ್‌ನಲ್ಲಿ ಆ್ಯಪಲ್ ಕಂಪನಿ ಒಂದು ಅಪ್‌ಡೇಟ್ ಕಳಿಸಿ, ಜಗತ್ತಿನ ಐಫೋನುಗಳ ಫೈಲ್ ಸಿಸ್ಟಂ ಅನ್ನೇ ಹಳೆಯ ಎಚ್‌ಎಫ್‌ಎಸ್ ಪ್ಲಸ್‌ನಿಂದ ಎಪಿಎಫ್‌ಎಸ್‌ಗೆ ಬದಲಾಯಿಸಿತು. ಬಹುತೇಕರಿಗೆ ಹಾಗೊಂದು ನಡೆಯಿತೆಂದೇ ತಿಳಿಯಲಿಲ್ಲ. "ಯಾರಿಗೂ ಗೊತ್ತಾಗ್ದೇ ಇರೋ ಹಾಗೆ ಮಾಡಿದ್ರೆ ಅದೆಂಥಾ ಕನ್ವರ್ಟು?" ಎಂದು ಭಾವ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸುತ್ತ ನಿಂತು ಉಸಿರು ಬಿಗಿಹಿಡಿಯಲು ಅತ್ತೆ, ಮಾವ, ಭಾವಮೈದ ಇಲ್ಲದಿದ್ದರೆ ಇವರು ಎಂಟರ್ ಒತ್ತುವುದಾದರೂ ಯಾರಿಗಾಗಿ?

ಕೆಲಸ ಮುಗಿಯುತ್ತದೆ. ಒಂದು ಫೋಟೊವೂ ಹೋಗಿರುವುದಿಲ್ಲ, ಆ ಮಟ್ಟಿಗೆ ಮೆಚ್ಚಲೇಬೇಕು. ವಿಡಿಯೊ ಸಲೀಸಾಗಿ ಪೆನ್‌ಡ್ರೈವ್ ಸೇರುತ್ತದೆ. ಅದನ್ನು ಟೀವಿಗೆ ಚುಚ್ಚಿದರೆ, ಯುಎಸ್‌ಬಿಯೇ ಕಾಣಿಸುತ್ತಿಲ್ಲ ಎನ್ನುತ್ತದೆ ಟೀವಿ. ಮಾವ ಕೊಂಡ ಹಳೆಯ ಟೀವಿ ಅದು, ಫ್ಯಾಟ್ ಬಿಟ್ಟರೆ ಬೇರೇನೂ ಓದಲು ಬಾರದು.

"ಹಾಗಾದ್ರೆ ಮೊದಲಿದ್ದ ಹಾಗೇ ಮಾಡ್ಕೊಡಿ" ಎನ್ನುತ್ತಾರೆ ಅತ್ತೆ.

"ಅತ್ತೆ, ಇದರಲ್ಲಿ ಹೋಗೋಕೆ ದಾರಿ ಇದೆ, ವಾಪಸ್ ಬರೋಕಿಲ್ಲ. ಎಲ್ಲಾ ಬೇರೆ ಕಡೆ ತೆಗೆದಿಟ್ಟು ಫಾರ್ಮ್ಯಾಟೇ ಮಾಡ್ಬೇಕು. ಆಗ ವಿಡಿಯೊ ಮತ್ತೆ ಹಿಡಿಸಲ್ಲ."

ಅಡುಗೆಮನೆಯಲ್ಲಿ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತದೆ. ಭಾವ ಅದಕ್ಕೆಲ್ಲ ಜಗ್ಗುವವರಲ್ಲ. ಎದ್ದು ಟೀವಿಯ ಹಿಂದಕ್ಕೆ ಮೊಬೈಲಿನ ಟಾರ್ಚ್ ಹಿಡಿದು, ಮಾಡೆಲ್ ನಂಬರ್ ಓದುತ್ತಾ ಕೇಳುತ್ತಾರೆ:

"ಮಾವ, ಇದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಎಷ್ಟು ವರ್ಷ ಆಯ್ತು?"

ಅತ್ತೆಯ ಧಾರಾವಾಹಿ ಏಳೂವರೆಗೆ. ಅವರು ಮಾತಿಲ್ಲದೆ ರಿಮೋಟನ್ನು ಸೆರಗಿನೊಳಗೆ ಸೇರಿಸಿಕೊಂಡು, ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.