ಮುಂಬಯಿಯಲ್ಲಿ ಪರಿಚಯ: ಬಳಸುವ ಕ್ರಮ

ಎಲ್ಲಿ ಬಳಸಬೇಕು: ಸಂಘದ ಸಭೆ, ಮದುವೆಯ ಪಂಕ್ತಿ, ಲೋಕಲ್ ರೈಲಿನ ನಾಲ್ಕನೇ ಸೀಟು. ಇಬ್ಬರು ಕರಾವಳಿಯವರು ವಿಷಯಕ್ಕೆ ಬರುವ ಮೊದಲು ಕೆಳಗಿನ ಹಂತಗಳನ್ನು ಮುಗಿಸತಕ್ಕದ್ದು. ಜೀವವಿಮೆ ಮಾರುವವರಿಗೂ ರಿಯಾಯಿತಿ ಇಲ್ಲ.

ಹಂತ 1, ಊರು. "ನಿಮಗೆ ಊರಲ್ಲಿ ಎಲ್ಲಾಯ್ತು?" ಎಂದರೆ "ಮಂಗಳೂರು" ಎನ್ನಬೇಡಿ, ಅದು ಪಕ್ಕದ ಫ್ಲಾಟಿನ ಮರಾಠಿಯವರಿಗೆ ಸಾಕಾಗುವ ಉತ್ತರ. ಕಾಪು ಎಂದರೆ ಕಾಪುವಿನಲ್ಲಿ ಎಲ್ಲಿ, ದೇವಸ್ಥಾನದಿಂದ ಆಚೆಯೋ ಈಚೆಯೋ, ಮನೆ ಹೆಸರೇನು ಎಂಬಲ್ಲಿಗೆ ಮುಟ್ಟಬೇಕು. ಇಲ್ಲೇ ಹುಟ್ಟಿ, ಬೇಸಿಗೆ ರಜೆಗಷ್ಟೇ ಮತ್ಸ್ಯಗಂಧ ರೈಲು ಹತ್ತಿದವರು ಅಜ್ಜಿಮನೆಯ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ.

ಹಂತ 2, ಸ್ಟೇಷನ್. ಡೊಂಬಿವಲಿ, ಮೀರಾ ರೋಡ್, ಚೆಂಬೂರು ಎಂದರೆ ಅರ್ಧ ಉತ್ತರ. ಈಸ್ಟೋ ವೆಸ್ಟೋ ಹೇಳಿ. ಬೇರೆ ಬೇರೆ ರೈಲು ಲೈನಿನವರ ಸ್ನೇಹವು, ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿಗೆ ಒಳಪಟ್ಟಿರುತ್ತದೆ.

ಹಂತ 3, ಅಡ್ಡಹೆಸರು. ಶೆಟ್ಟಿ ಎಂದೊಡನೆ "ಹೋಟೆಲ್ ಎಲ್ಲಿ?" ಎಂದು ಬರುತ್ತದೆ. ನೀವು ಲೆಕ್ಕಪರಿಶೋಧಕರಾಗಿದ್ದರೂ ಬೇಸರಿಸಬೇಡಿ. ಸಾಲ್ಯಾನ್, ಬಂಗೇರ, ಸುವರ್ಣ ಎಂದರೆ ಕೇಳಿದವರು ತಡವರಿಸುತ್ತಾರೆ. ಈ ಹೆಸರುಗಳು ಒಂದಕ್ಕಿಂತ ಹೆಚ್ಚು ಸಮುದಾಯಗಳಲ್ಲಿವೆ. ಹಾಗಾಗಿ ನಾಲ್ಕನೆಯ ಹಂತ ಬೇಕಾಯಿತು.

ಹಂತ 4, ಸಂಘ. "ನೀವು ಯಾವ ಸಂಘದಲ್ಲಿ?" ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರಿಗೆ ಅವರದೇ ಅಸೋಸಿಯೇಷನ್ ಇದೆ. ಜಾತಿ ಕೇಳಿದ್ದು ಯಾರಿಗೂ ಕೇಳಿಸುವುದಿಲ್ಲ, ಉತ್ತರ ಮಾತ್ರ ಎಲ್ಲರಿಗೂ ಕೇಳಿಸುತ್ತದೆ.

ಈ ಕ್ರಮ ಏಕೆ? ಹಿಂದೆ ಊರಿನಿಂದ ಬರಿಗೈಯಲ್ಲಿ ಬಂದ ಹುಡುಗನ ಹತ್ತಿರ ಕಾಗದಪತ್ರ ಇರುತ್ತಿರಲಿಲ್ಲ. "ಇಂಥವರ ಮನೆಯ ಹುಡುಗ" ಎಂದು ಯಾರಾದರೂ ಅಂದರೆ ಅದೇ ಜಾಮೀನು. ಆ ಮಾತಿನ ಮೇಲೆ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವ ಕೆಲಸ, ಮಲಗಲು ಅಲ್ಲೇ ಜಾಗ, ಸಂಜೆ ಕನ್ನಡ ರಾತ್ರಿಶಾಲೆ. ಹುಡುಗ ಗಲ್ಲಾಪೆಟ್ಟಿಗೆಗೆ ಕೈಹಾಕಿದರೆ ಊರಲ್ಲಿ ಅಪ್ಪ ತಲೆತಗ್ಗಿಸಬೇಕಿತ್ತು. ಇವತ್ತು ಆಧಾರ್ ಇದೆ, ಬ್ಯಾಂಕ್ ಖಾತೆ ಇದೆ. ಪ್ರಶ್ನೆಗಳು ಮಾತ್ರ ಪಿಂಚಣಿ ಇಲ್ಲದೆ ದುಡಿಯುತ್ತಲೇ ಇವೆ.

ತೊಂದರೆ ಮತ್ತು ದುರಸ್ತಿ: ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಬೆಳಿಗ್ಗೆ ಕೂಲಿ ಹುಡುಕಿ ನಾಕಾದಲ್ಲಿ, ಅಂದರೆ ರಸ್ತೆಯ ಚೌಕದಲ್ಲಿ, ನಿಲ್ಲುವವರಿಗೆ ಈ ಕ್ರಮ ಹೊಂದುವುದಿಲ್ಲ. ಅವರದೂ ಕನ್ನಡವೇ. ಆದರೆ ಹಂತ 1ರಲ್ಲೇ "ಓ, ಆ ಕಡೆಯವರಾ" ಎಂದು ಮಾತು ನಿಲ್ಲುತ್ತದೆ. ಅಂಥಲ್ಲಿ ಮೇಲಿನ ನಾಲ್ಕೂ ಹಂತಗಳನ್ನು ಬಿಟ್ಟು, "ಕೂಲಿ ಸರಿಯಾಗಿ ಕೊಡ್ತಾರಾ?" ಎಂದು ಕೇಳಿ. ಕೊಡದಿದ್ದರೆ ಮೇಸ್ತ್ರಿಯ ಹತ್ತಿರ ಹೋಗಿ, "ಇವರು ನಮ್ಮವರು" ಎನ್ನಿ. ಮೇಸ್ತ್ರಿ ಮನೆ ಹೆಸರು ಕೇಳುವುದಿಲ್ಲ.