ಹ್ಯಾಂಡ್‌ಪೋಸ್ಟಿನಾಚೆ ಸೊಂಟ ಮುರಿದುಕೊಳ್ಳುವ ಕ್ರಮ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ದಾಟಿ, ಕಬಿನಿ ಹಿನ್ನೀರಿನ ರೆಸಾರ್ಟ್ ತಲುಪುವಷ್ಟರಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರು ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಬೇರೆಬೇರೆಯಾಗಿ ಪರಿಚಯ ಮಾಡಿಕೊಡುತ್ತಿದೆಯೆ? ಹಾಗಾದರೆ ಶಾಕ್ ಅಬ್ಸಾರ್ಬರ್ ಬದಲಿಸುವ ಕಾಲ ಬಂತು. ಗಾಬರಿ ಬೇಡ. ಇಲ್ಲಿ ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿ. ದುಡ್ಡು ಖರ್ಚಾದ ಮೇಲೂ ನೋವು ಇದ್ದಹಾಗೇ ಇರುತ್ತದೆ. ಕೈಗುಣ ಚೆನ್ನಾಗಿದ್ದರೆ ಹೆಚ್ಚುತ್ತದೆ.

ಮೊದಲನೆಯದಾಗಿ, ರೋಗ ಎಲ್ಲಿದೆ ಎಂದು ಹುಡುಕಬೇಡಿ. ಕಾರಿನ ಒಂದು ಮೂಲೆಯನ್ನು ಅಂಗೈಯಿಂದ ಜೋರಾಗಿ ಒತ್ತಿ ಬಿಟ್ಟರೆ ಅದು ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಆ ಮೂಲೆಯ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದರ್ಥ. ಇದಕ್ಕೆ ಕಾಸು ಬೇಕಿಲ್ಲ, ಆದ್ದರಿಂದ ಇದನ್ನು ನಂಬಬೇಡಿ. ಬಗ್ಗಿ ನೋಡಿ ರಾಡಿನ ಸುತ್ತ ಎಣ್ಣೆ ಜಿನುಗಿದ ಕಲೆ ಕಂಡರೆ ಅದು ಮಳೆನೀರು ಎಂದುಕೊಳ್ಳಿ. ಟೈರಿನ ಗಾಳಿಯನ್ನಂತೂ ಮುಟ್ಟಲೇಬೇಡಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಎಷ್ಟು ಗಾಳಿ ಎಂದು ಸ್ಟಿಕ್ಕರ್ ಇರುತ್ತದೆ. ಅದನ್ನು ಓದಿ ಗಾಳಿ ಸರಿಮಾಡಿಸಿದ ಎಷ್ಟೋ ಜನರಿಗೆ ನೋವು ಅಲ್ಲಿಗೇ ನಿಂತು, ಮುಂದಿನ ಖರೀದಿಯ ಸಂಭ್ರಮವೇ ತಪ್ಪಿಹೋಗಿದೆ.

ಶಾಕ್ ಅಬ್ಸಾರ್ಬರ್ ಏನು ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಳ್ಳಿ, ತಕ್ಷಣ ಮರೆಯಿರಿ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರಿನ ಕೆಲಸ ಆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವುದಷ್ಟೆ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕಂಡಿಗಳಲ್ಲಿ ನೂಕುತ್ತದೆ, ಕುಣಿತವೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಕಡಿವಾಣ ಕಡಿಮೆಯಾದರೆ ಕಾರು ತೇಲಾಡುತ್ತದೆ, ಅತಿಯಾದರೆ ಕುಕ್ಕುತ್ತದೆ. ಇಷ್ಟು ತಿಳಿದವರು ಅಂಗಡಿಯಲ್ಲಿ ನಿಂತು ಬೇಡದ ಪ್ರಶ್ನೆ ಕೇಳುತ್ತಾರೆ.

ಈಗ ಅಂಗಡಿಗೆ ಹೊರಡಿ. ಬಣ್ಣ ನೋಡಿ ಆರಿಸಿ. ಹಳದಿ ಒಳ್ಳೆಯದು. ಕೋನಿ ಹಳದಿ, ಬಿಲ್‌ಸ್ಟೈನ್ ಬಿ6 ಹಳದಿ; ಎರಡೂ ಬಿಗಿ, ಎರಡೂ ಚಕ್ರದ ಸಂದಿಯಿಂದ ಚೆನ್ನಾಗಿ ಕಾಣುತ್ತವೆ. ಕಂಪನಿ ಕೊಟ್ಟ ಸ್ವಭಾವಕ್ಕೆ ಹತ್ತಿರವಾದ ಬಿ4 ಸಪ್ಪೆ ಬಣ್ಣದ್ದು, ಬೆಲೆಯೂ ಕಡಿಮೆ. ತೋರಿಸಿದರೆ ಮುಖ ತಿರುಗಿಸಿ. ಇನ್ನೂ ದೊಡ್ಡ ಅಂಕಿ ಬೇಕೆಂದರೆ ಬಿ8 ಕೇಳಿ. ಅದನ್ನು ತಗ್ಗಿಸಿದ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ್ದಾರೆ. ನಿಮ್ಮದು ಮಾಮೂಲಿ ಎತ್ತರದ ಸ್ಪ್ರಿಂಗ್ ಎಂಬುದನ್ನು ಬಾಯಿಬಿಡಬೇಡಿ. ‘ಎಲ್ಲಿ ಓಡಿಸ್ತೀರಾ ಸಾರ್?’ ಎಂದು ಅಂಗಡಿಯವರು ಕೇಳಿದರೆ ಎಚ್.ಡಿ. ಕೋಟೆ ರಸ್ತೆ ಎನ್ನದೆ ‘ಟ್ರ್ಯಾಕು’ ಎನ್ನಿ. ಹಿಂದೆ ಇದೇ ದಾರಿಯ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುತ್ತಿದ್ದುದೂ ಹೀಗೆಯೇ: ಖೆಡ್ಡಾದಲ್ಲಿ ಮೂರು ಕಡೆ ತಮಟೆ, ಬೆಂಕಿ, ಕೂಗಾಟ, ಉಳಿದ ಒಂದೇ ದಾರಿಯಲ್ಲಿ ಬೊಡ್ಡೆಗಳ ಬೇಲಿ. ಆನೆಗಳು ತಾವಾಗಿಯೇ ಒಳಗೆ ಬರುತ್ತಿದ್ದವು. ಆ ಪದ್ಧತಿ 1971ಕ್ಕೆ ಕೊನೆಯಾಯಿತು. ಕಾಡಿನಲ್ಲಿ ಮಾತ್ರ.

ದುಡ್ಡು ಉಳಿಸಬೇಕೆ? ಒಂದನ್ನೇ ಬದಲಿಸಿ. ‘ಜೋಡಿ ಹಾಕ್ಬೇಕು ಸಾರ್, ಇಲ್ಲಾಂದ್ರೆ ಎಡಕ್ಕೊಂದು ಬಲಕ್ಕೊಂದು ಆಡುತ್ತೆ’ ಎನ್ನುವ ಮೆಕ್ಯಾನಿಕ್‌ನನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಸ್ಟ್ರಟ್ ಮೇಲಿನ ಮೌಂಟು, ಬಂಪ್ ಸ್ಟಾಪು, ಧೂಳಿನ ರಬ್ಬರು ಹಳೆಯವೇ ಇರಲಿ. ಹೊಸದಕ್ಕೆ ಹಿರಿಯರ ಜೊತೆ ಬೇಕು. ಇನ್ನೂ ಅಗ್ಗ ಎಂದರೆ ಗುಜರಿ. ಸತ್ತ ಶಾಕ್ ಅಬ್ಸಾರ್ಬರಿಗೆ ತೂತು ಕೊರೆದು, ಎಣ್ಣೆ ತುಂಬಿ, ವೆಲ್ಡಿಂಗ್ ಹೊಡೆದು ಕೊಡುವವರೂ ಇದ್ದಾರೆ. ಒಳಗೆ ಒತ್ತಡದ ನೈಟ್ರೋಜನ್ ಇದ್ದರೆ ಕೊರೆಯುವಾಗ ನೀವು ಸ್ವಲ್ಪ ದೂರ ನಿಲ್ಲಿ, ಅಷ್ಟೇ.

ಜೋಡಿಸುವಾಗ ಒಂದು ಕುಶಲ ಕೆಲಸವಿದೆ. ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ಹೇಳದೆಯೇ ಮಾಡುತ್ತಾರೆ. ಕಾರು ಜಾಕಿನ ಮೇಲೆ, ಚಕ್ರಗಳು ಜೋತುಬಿದ್ದಿರುವಾಗಲೇ ರಬ್ಬರ್ ಬುಷ್‌ಗಳ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಸಿ. ಕೆಳಗಿಳಿಸಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ. ಮುಂದೆ ಹಗಲೂ ರಾತ್ರಿ ಅದು ಕಾರಿನೊಂದಿಗೆ ಜಗಳವಾಡುತ್ತಲೇ ಇರುತ್ತದೆ, ಬೇಗ ಹರಿಯುತ್ತದೆ. ಕಾರನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬಿಗಿಮಾಡುವುದು ಸೋಮಾರಿಗಳ ಅಭ್ಯಾಸ.

ಬಿಗಿತ ಹೊಂದಿಸುವ ತಿರುಪು ಇದ್ದರೆ ಕೊನೆಯವರೆಗೆ ತಿರುಗಿಸಿ. ಕೊಟ್ಟ ಕಾಸಿಗೆ ಪೂರ್ತಿ ತಿರುಗಿಸುವುದು ನ್ಯಾಯ. ಫಲ ನೋಡಲು ಅಂತರಸಂತೆ ದಾಟಿ ದಮ್ಮನಕಟ್ಟೆಯಾಚೆಯ ಕಾಡುದಾರಿಗೆ ಹೋಗಿ. ಪ್ರಾಣಿಗಳ ಪ್ರಾಣ ಉಳಿಸಲು ಅಲ್ಲಿ ಹಂಪುಗಳನ್ನು ಹಾಕಿದ್ದಾರೆ. ಹಂಪಿನ ಮೇಲೆ ಸ್ಪ್ರಿಂಗ್ ಕುಗ್ಗುತ್ತದೆ. ಮರಳಿ ಚಾಚಿಕೊಳ್ಳಲು ಶಾಕ್ ಅಬ್ಸಾರ್ಬರ್ ಬಿಡಬೇಕು. ಬಿಡದ ಹಾಗೆ ನೀವು ತಿರುಗಿಸಿದ್ದೀರಿ. ಕುಗ್ಗಿದ್ದು ಪೂರ್ತಿ ಏಳುವ ಮೊದಲೇ ಇನ್ನೊಂದು ಏಟು ಬೀಳುತ್ತದೆ, ಇನ್ನಷ್ಟು ಕುಗ್ಗುತ್ತದೆ. ಏಟುಗಳು ಸಾಲಾಗಿ ಬಿದ್ದರೆ ನಾಲ್ಕೈದರ ಹೊತ್ತಿಗೆ ಕಾರು ಬಂಪ್ ಸ್ಟಾಪಿನ ಮೇಲೆ ಕೂತುಬಿಟ್ಟಿರುತ್ತದೆ. ಆಮೇಲೆ ಸ್ಪ್ರಿಂಗೂ ಇಲ್ಲ, ಶಾಕೂ ಇಲ್ಲ, ನೀವುಂಟು, ರಸ್ತೆಯುಂಟು. ಸಂಜೆ ಆರಕ್ಕೆ ಗೇಟು ಹಾಕುತ್ತಾರೆ, ಆದ್ದರಿಂದ ಐದೂ ಮುಕ್ಕಾಲಿಗೆ ಹೊರಡಿ. ನಿಧಾನ ಮಾಡುವ ಆಸೆ ಹುಟ್ಟುವುದಿಲ್ಲ.

ಇಷ್ಟಾದರೂ ಕಾರು ಎಲ್ಲೋ ಮೆತ್ತಗಿದೆ ಎನಿಸಿದರೆ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ಸಿಗಿಸಿ. ‘ಕಂಫರ್ಟ್’ ಎಂದೇ ಅದನ್ನು ಮಾರುತ್ತಾರೆ. ಸುರುಳಿಯ ಒಂದು ಭಾಗ ಕೆಲಸ ನಿಲ್ಲಿಸಿ, ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ.

ಇನ್ನು ಕಾರನ್ನು ಮಾರುವ ಹಂತ. ಈ ಕ್ರಮ ಪಾಲಿಸಿದವರೆಲ್ಲ ಇಲ್ಲಿಗೆ ಬಂದೇ ಬರುತ್ತಾರೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳು ಗಜಪಯಣದ ಪೂಜೆ ಮುಗಿಸಿ ಲಾರಿಯಲ್ಲಿ ಮೈಸೂರಿಗೆ ಬರುವುದನ್ನು ನೋಡಿ. ಖಾಲಿ ಓಡುವಾಗ ಗುಂಡಿಗುಂಡಿಗೂ ಎಗರುವ ಲಾರಿ, ಐದು ಟನ್ ಮೀರಿದ ಅಭಿಮನ್ಯು ಎಂಬ ಆನೆ ಹತ್ತಿದ ಮೇಲೆ ಎಷ್ಟು ಗಂಭೀರವಾಗಿ ಸಾಗುತ್ತದೆ! ಭಾರಕ್ಕೆಂದು ಮಾಡಿದ ಗಟ್ಟಿ ಸ್ಪ್ರಿಂಗ್ ಪಟ್ಟಿಗಳಿಗೆ ಭಾರ ಸಿಕ್ಕರೆ ಏಟು ಮೇಲಕ್ಕೆ ಬರುವುದಿಲ್ಲ. ನಿಮ್ಮ ಕಾರಿಗೂ ಇದೇ ಉಪಾಯ ಮಾಡಿ. ಆನೆ ಬೇಡ. ಕೆ.ಆರ್. ನಗರದ ಅಕ್ಕಿ, 25 ಕೆ.ಜಿ. ಚೀಲಗಳು ಮೂರು, ಡಿಕ್ಕಿಯಲ್ಲಿಟ್ಟು ಮೇಲೆ ಬೆಡ್‌ಶೀಟ್ ಹೊದಿಸಿ. ಟೈರಿನ ಗಾಳಿ ಸ್ವಲ್ಪ ಇಳಿಸಿ. ಟ್ರಯಲ್ಲಿಗೆ ರಿಂಗ್ ರೋಡಿಗೇ ಕರೆದೊಯ್ಯಿರಿ, ಎಸಿ ಹಾಕಿ, ಹಾಡು ಜೋರಾಗಿಡಿ.

ಗಿರಾಕಿ ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರಾಗಿದ್ದರೆ ಸ್ವಲ್ಪ ಜೋಪಾನ. ಹರಾಜು ಕಟ್ಟೆಯಲ್ಲಿ ತಂಬಾಕಿನ ಬೇಲ್ ಒಳಗೆ ಕೈಹಾಕಿ ಎಲೆ ನೋಡುವುದನ್ನು ಕಂಡವರು ಅವರು. ಬಂದವರೇ ಕಾರಿನ ಮೂಲೆಯ ಮೇಲೆ ಅಂಗೈ ಊರಿದರೆ, ‘ಬನ್ನಿ ಅಣ್ಣಾ, ಮೊದಲು ಕಾಫಿ’ ಎಂದು ಆ ಕೈಯನ್ನೇ ಹಿಡಿದು ಒಳಗೆ ಕರೆದುಕೊಂಡು ಹೋಗಿ.